ತೋಟದ ಬಾವಿಯಲ್ಲಿ ಬಿಚ್ಚಿದ ಸೀಸದ ಬೆಲ್ಟು

ಗಂಗಾವತಿ ಹತ್ತಿರದ ನಮ್ಮೂರಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು, ಕಲಿತದ್ದು ನಲವತ್ತು ದಾಟಿದ ಮೇಲೆ, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲಿ. ಅಂದಿನಿಂದ ಡೈವಿಂಗ್‌ನಲ್ಲಿ ಜೀವ ಹೋದ ಘಟನೆಗಳ ವರದಿ ಸಿಕ್ಕರೆ ಬಿಡದೆ ಓದುತ್ತೇನೆ. 'ಬರೀ ಸಾವಿನ ಸುದ್ದಿ ಯಾಕೆ ಓದ್ತೀರಿ' ಅಂತ ಮನೆಯಾಕೆಗೆ ಬೇಸರ. ನಾನು ಹುಡುಕುವುದು ಒಂದನ್ನೇ: ಈ ಮನುಷ್ಯ ಎಲ್ಲಿ ವಾಪಸ್ ತಿರುಗಬಹುದಿತ್ತು? ಆ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕುತ್ತೇನೆ. ಎಷ್ಟೋ ಸಲ ಗೆರೆ ಬೀಳುವುದು ದೋಣಿಯಲ್ಲೇ, ಇನ್ನೂ ನೀರಿಗೆ ಇಳಿಯುವ ಮೊದಲೇ.

ನನ್ನದೇ ಒಂದು ಡೈವ್‌ಗೂ ಗೆರೆ ಹಾಕಿದ್ದೇನೆ. ರಾತ್ರಿಯಿಡೀ ಬಸ್ಸಲ್ಲಿ ಕೂತು ಹೋಗಿದ್ದೆ. ಮೂಗು ಕಟ್ಟಿತ್ತು. ದುಡ್ಡು ಕೊಟ್ಟಾಗಿದೆ, ಇಷ್ಟು ದೂರ ಬಂದಾಗಿದೆ ಅಂತ ಬಾಯಿಬಿಡದೆ ಇಳಿದೆ. ಕಿವಿನೋವಿನಲ್ಲಿ ಗಾಳಿಯ ಮೀಟರ್ ನೋಡುವುದೇ ಮರೆತುಹೋಯಿತು. 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದ ಸಿಲಿಂಡರ್. 50 ಬಾರ್ ಉಳಿದಿರುವಾಗಲೇ ಮೇಲಿರಬೇಕು. ನಾನು ನೋಡಿದಾಗ 40, ಇನ್ನೂ 12 ಮೀಟರ್ ಕೆಳಗಿದ್ದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಗಾಳಿ ಖರ್ಚೂ ಎರಡು ಪಟ್ಟು. ಜೋಡಿಯವನು ಪಕ್ಕದಲ್ಲೇ ಇದ್ದ. ಉಳಿದೆ.

ವರದಿಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಮತ್ತೆ ಮತ್ತೆ ಬರುವ ಒಂದು ಮಾತು: ಸಿಕ್ಕ ದೇಹದ ಸೊಂಟದಲ್ಲಿ, ತೇಲದೆ ಮುಳುಗಲು ಭಾರಕ್ಕೆಂದು ಕಟ್ಟುವ ಸೀಸದ ಬೆಲ್ಟು ಹಾಗೇ ಇತ್ತು. ಎಷ್ಟೋ ಜನ ಮೇಲೆ ಬಂದು, ಒದ್ದಾಡಿ, ಮತ್ತೆ ಮುಳುಗಿದ್ದಾರೆ. ಬೆಲ್ಟು ಬಿಚ್ಚಿ ಬಿಟ್ಟಿದ್ದರೆ ತೇಲಬಹುದಿತ್ತು, ಅಲ್ವಾ? ಗಾಬರಿಯಲ್ಲಿ ಕೈಗೆ ಅದು ಹೊಳೆಯುವುದಿಲ್ಲ.

ಕೈಗೇ ಕಲಿಸಬೇಕು ಅಂತ ತೋಟದ ಬಾವಿಗೆ ಇಳಿದೆ. ಸಿಲಿಂಡರ್ ಒಯ್ಯಲಿಲ್ಲ. ಸಿಲಿಂಡರ್ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೆದ್ದರೆ ಒಂದೂವರೆ ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯಬಹುದು. ಗುರು ಇಲ್ಲದ ಕಡೆ ಅದು ಬೇಡವೇ ಬೇಡ. ಬರೀ ಬೆಲ್ಟು, ಆರು ಕಿಲೋ ಸೀಸ, ಅದಕ್ಕೊಂದು ಹಗ್ಗ. ಹಗ್ಗದ ತುದಿ ಮೆಟ್ಟಿಲ ಮೇಲೆ ಕೂತ ತಮ್ಮನ ಕೈಯಲ್ಲಿ. ನೀರಲ್ಲಿ ನಿಂತು, ಕಣ್ಣು ಮುಚ್ಚಿ, ಬಲಗೈಯಲ್ಲಿ ಬಕಲ್ ಎಳೆದೆ. ಬಕಲ್ ಬಿಚ್ಚಿತು, ಬೆಲ್ಟು ಬೀಳಲಿಲ್ಲ.

'ಚುಂಗು ಒಳಗೈತಲ್ಲೋ ಅಣ್ಣಾ!' ಅಂತ ತಮ್ಮ ಕೂಗಿದ.

ನೋಡಿದರೆ ನಿಜ. ಪಂಚೆಯ ಚುಂಗು ಸಿಕ್ಕಿಸುವ ಹಾಗೆ, ಉದ್ದ ಉಳಿದಿದ್ದ ಬೆಲ್ಟಿನ ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ್ದೆ. ನೋಡಲು ಚೆಂದ ಇರಲಿ ಅಂತ. ಸಮುದ್ರದಲ್ಲೂ ಇಷ್ಟು ದಿನ ಹಾಗೇ ಕಟ್ಟಿದ್ದೆ. ಆ ಸಂಜೆ ನನಗೆ ಊಟ ಸೇರಲಿಲ್ಲ. ಮರುದಿನದಿಂದ ಚುಂಗು ಹೊರಗೆ ಬಿಟ್ಟು, ಕೈ ತಾನಾಗಿ ಬಕಲ್‌ಗೆ ಹೋಗುವವರೆಗೆ ದಿನಾ ಇಪ್ಪತ್ತು ಸಲ ಬಿಚ್ಚಿದೆ. ತಮ್ಮ ಬೇಸರಿಸದೆ ಪ್ರತಿ ಸಲವೂ ಸೀಸ ಮೇಲೆಳೆದ.

ಇನ್ನೊಂದು ವಿಷಯ ಹೃದಯದ್ದು. ನೀರಿನೊಳಗೆ ಹೃದಯ ಕೈಕೊಟ್ಟು ಹೋದವರಲ್ಲಿ ನನ್ನ ವಯಸ್ಸಿನವರು, ನನಗಿಂತ ದೊಡ್ಡವರೇ ಜಾಸ್ತಿ. ಈಗ ವರ್ಷಕ್ಕೊಮ್ಮೆ ಕೊಪ್ಪಳಕ್ಕೆ ಹೋಗಿ ಬಿಪಿ, ಇಸಿಜಿ ಮಾಡಿಸುತ್ತೇನೆ. ನಮ್ಮ ಮನೆತನದಲ್ಲಿ ಬಿಪಿ ಇದೆ, ಸುಮ್ನೆ ಬಿಡುವ ಹಾಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ನೇತ್ರಾಣಿಗೆ ಹೋದಾಗ ಮತ್ತೆ ನೆಗಡಿ. ದೋಣಿಯಲ್ಲೇ 'ಇವತ್ತು ನನಗೆ ಬೇಡ' ಅಂದೆ. ದುಡ್ಡು ವಾಪಸ್ ಬರಲಿಲ್ಲ. ಉಳಿದವರು ತಯಾರಾಗುವಾಗ ಒಬ್ಬೊಬ್ಬರ ಬೆಲ್ಟು ನೋಡುತ್ತಾ ಹೋದೆ. ಇಬ್ಬರ ಚುಂಗು ಒಳಗಿತ್ತು. ಹೇಳಿ, ಎಳೆದು ಹೊರಗೆ ಬಿಟ್ಟೆ.