ಗೋಡೆ ಬಿರುಕಿಗೆ ಬರೀ ಪುಟ್ಟಿ ಮೆತ್ತಿದರೆ ಸಾಕಾ?

ಬಿರುಕು ತೋರಿಸಿದರೆ ಪೇಂಟರ್ ಹೇಳುವುದು ಒಂದೇ ಮಾತು: 'ಪುಟ್ಟಿ ತುಂಬಿಬಿಡೋಣ ಬಿಡಿ'. ಅವರ ಬಾಯಲ್ಲಿ ಎಲ್ಲವೂ ಪುಟ್ಟಿಯೇ. ಅಂಗಡಿಯಲ್ಲಿ ಮಾತ್ರ ಅದು ಎರಡು ಬೇರೆ ಸಾಮಾನು. ವಾಲ್ ಪುಟ್ಟಿ ಅಂದರೆ ಬಿಳಿ ಸಿಮೆಂಟಿನ ಪುಡಿ, ಗೋಡೆಯ ಮೈ ನುಣುಪು ಮಾಡಲಿಕ್ಕೆ ಇರುವುದು, ಎರಡು ಕೋಟ್ ಸೇರಿ ಹೆಚ್ಚೆಂದರೆ 1.5 ಮಿ.ಮೀ. ದಪ್ಪ. ಸಂದು ತುಂಬಲಿಕ್ಕೆ ಬೇಕಾದದ್ದು ಕ್ರ್ಯಾಕ್ ಫಿಲ್ಲರ್. ಆಳದ ಬಿರುಕಿಗೆ ಪುಟ್ಟಿಯನ್ನೇ ತುರುಕಿದರೆ ಅದು ಒಣಗಿ ಕುಗ್ಗುತ್ತದೆ, ಅದೇ ಗೆರೆ ಮತ್ತೆ ಕಾಣುತ್ತದೆ.

ತುಂಬುವ ಮೊದಲು ಬಿರುಕು ಬೆಳೆಯುತ್ತಿದೆಯಾ ನೋಡಿ. ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ, ಒಂದೆರಡು ತಿಂಗಳು ಬಿಟ್ಟು ಬಿರುಕು ಗೆರೆ ದಾಟಿದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ. ಗದಗ, ವಿಜಯಪುರದ ಕಡೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲಿನ ಗೋಡೆ ಸುಮ್ನೆ ಇರುತ್ತದಾ? ಬಿರುಕು 5 ಮಿ.ಮೀ.ಗಿಂತ ಅಗಲವಿದ್ದರೆ, ಅಥವಾ ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ, ಪೇಂಟರ್ ಬೇಡ, ಎಂಜಿನಿಯರ್ ಕರೆಸಿ. ಗೋಡೆ ಒದ್ದೆಯಿದ್ದರೆ ಮೊದಲು ಸೋರಿಕೆ ನಿಲ್ಲಿಸಿ.

ಸಣ್ಣ ಬಿರುಕಾದರೆ ಕೆಲಸ ನೀವೇ ಮಾಡಬಹುದು. ಪುಟ್ಟಿ ಎಳೆಯುವ ತಗಡಿನ ಪಟ್ಟಿಯ ಮೂಲೆಯಿಂದ ಬಿರುಕನ್ನು ಕೆರೆದು ಒಂಚೂರು ಅಗಲ ಮಾಡಿ. ಹಾಳು ಮಾಡಿದ ಹಾಗೆ ಅನಿಸುತ್ತದೆ, ಆದರೆ ಕೂದಲೆಳೆಯಂಥ ಸಂದಿನ ಒಳಗೆ ಯಾವುದೂ ಇಳಿಯುವುದಿಲ್ಲ. ಬ್ರಷ್‌ನಿಂದ ಧೂಳು ಪೂರ್ತಿ ತೆಗೆಯಿರಿ. ಜಾಸ್ತಿ ಜನ ಬಿಡುವುದು ಇದನ್ನೇ, ಫಿಲ್ಲರ್ ಉದುರುವುದೂ ಇದರಿಂದಲೇ. ಸ್ವಲ್ಪ ನೀರು ಚಿಮುಕಿಸಿ. ಕ್ರ್ಯಾಕ್ ಫಿಲ್ಲರ್ ಪೇಸ್ಟನ್ನು ಒಳಗೆ ಒತ್ತಿ, ಆಳವಿದ್ದರೆ ಒಂದೇ ಸಲ ತುಂಬದೆ ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಾಕಿ. ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ತೆಳ್ಳಗೆ ಪುಟ್ಟಿ ಎಳೆದು, ಪ್ರೈಮರ್, ಆಮೇಲೆ ಬಣ್ಣ.

ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೇರ ಗೆರೆ ಬಿಟ್ಟಿದ್ದರೆ ಬರೀ ಫಿಲ್ಲರ್ ನಿಲ್ಲುವುದಿಲ್ಲ. ಎರಡೂ ಬದಿಯ ಗಾರೆ ಕೆತ್ತಿ, ಜಾಲರಿ ಬಡಿದು, ಮತ್ತೆ ಗಾರೆ ಮಾಡಿಸಬೇಕು.

ಹಳೆಯ ಮಣ್ಣಿನ ಗೋಡೆಗೆ ಇದ್ಯಾವುದೂ ಬೇಡ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಚಕ್ಕೆ ಏಳುತ್ತದೆ. ಕೆಂಪು ಮಣ್ಣು ಜರಡಿ ಹಿಡಿದು, ಮರಳು, ಕತ್ತರಿಸಿದ ಹುಲ್ಲು ಕಲಸಿ, ಕೊಳೆಯಲು ಬಿಟ್ಟು ಮೆತ್ತುವುದೇ ಸರಿ.