ಅರವತ್ತರ ನಂತರ ಬೆನ್ನು ವಾಲಿದಾಗ: ಸ್ಕೋಲಿಯೋಸಿಸ್ ಆಪರೇಷನ್‌ನ ತೀರ್ಮಾನ, ತಯಾರಿ, ಚೇತರಿಕೆ

ಬೆನ್ನುಮೂಳೆ ಪಕ್ಕಕ್ಕೆ ವಾಲಿರುವುದನ್ನು ಎಕ್ಸ್‌ರೇಯಲ್ಲಿ ಕಂಡ ಕೂಡಲೇ ಹಿರಿಯರೂ ಮನೆಯವರೂ ಕೇಳುವುದು ‘ಇದನ್ನು ನೆಟ್ಟಗೆ ಮಾಡಲು ಆಗುತ್ತದೆಯೇ’ ಎಂದು. ಡಾಕ್ಟರ ಮುಂದೆ ಕೂರುವ ಮೊದಲು ಇನ್ನೆರಡು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಈಗ ನನ್ನಿಂದ ಯಾವ ಕೆಲಸ ಆಗುತ್ತಿಲ್ಲ? ಅದು ಮತ್ತೆ ಆಗಬೇಕಾದರೆ ನಾನು ಏನನ್ನು ಬಿಟ್ಟುಕೊಡಬೇಕು? ಈ ವಯಸ್ಸಿನಲ್ಲಿ ಆಪರೇಷನ್ ಬೇಕೋ ಬೇಡವೋ ಎಂಬುದು ಎಕ್ಸ್‌ರೇಯ ಕೋನಕ್ಕಿಂತ ಹೆಚ್ಚಾಗಿ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಮೊದಲು ನೋವಿನ ಮೂಲ ಹುಡುಕಿ

ಬೆನ್ನುಮೂಳೆಯ ವಾಲುವಿಕೆಯನ್ನು ಕಾಬ್ ಕೋನ ಎಂಬ ಅಳತೆಯಲ್ಲಿ ಹೇಳುತ್ತಾರೆ. 10 ಡಿಗ್ರಿ ದಾಟಿದರೆ ಅದು ಸ್ಕೋಲಿಯೋಸಿಸ್. ಹಿರಿಯರಲ್ಲಿ ಇದು ಎರಡು ದಾರಿಯಲ್ಲಿ ಬರುತ್ತದೆ. ಕೆಲವರಿಗೆ ಹದಿಹರೆಯದಲ್ಲೇ ಬಂದ ಬಾಗು ನಿಧಾನವಾಗಿ ಹೆಚ್ಚುತ್ತಾ ಹೋಗಿರುತ್ತದೆ. 50 ಡಿಗ್ರಿ ದಾಟಿದ ಬಾಗು, ಬೆಳವಣಿಗೆ ನಿಂತ ಮೇಲೂ ಸರಾಸರಿ ವರ್ಷಕ್ಕೆ ಸುಮಾರು 1 ಡಿಗ್ರಿಯಷ್ಟು ಏರಬಹುದು. ಉಳಿದವರಲ್ಲಿ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಮತ್ತು ಅದರ ಹಿಂದಿನ ಸಣ್ಣ ಕೀಲುಗಳು ಒಂದು ಬದಿಯಲ್ಲಿ ಹೆಚ್ಚು ಸವೆದು, ಸೊಂಟದ ಭಾಗ ಆ ಕಡೆಗೆ ಕುಸಿಯುತ್ತದೆ.

ನೋವು ಯಾವ ಬಗೆಯದು ಎಂದು ನೀವೇ ಒಂದು ವಾರ ಗಮನಿಸಿ. ನಡೆಯುತ್ತಾ ಕಾಲು ಜೋಮು ಹಿಡಿದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುವುದಾದರೆ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಚೆನ್ನಾಗಿದ್ದು, ಹೊತ್ತು ಏರಿದಂತೆ ದೇಹ ಮುಂದಕ್ಕೋ ಪಕ್ಕಕ್ಕೋ ಬೀಳುತ್ತಾ ಬೆನ್ನಿನ ಸ್ನಾಯುಗಳು ಸುಸ್ತಾಗಿ ಉರಿಯತೊಡಗಿದರೆ ಅದು ಸಮತೋಲನದ ತೊಂದರೆ. ಮೊದಲನೆಯದಕ್ಕೆ ಚಿಕ್ಕ ಆಪರೇಷನ್ ಸಾಕಾಗಬಹುದು, ಎರಡನೆಯದಕ್ಕೆ ಸಾಮಾನ್ಯವಾಗಿ ಸಾಲದು.

ಮಲಗಿಸಿ ತೆಗೆದ ಎಂಆರ್‌ಐ ನರದ ಒತ್ತಡ ತೋರಿಸುತ್ತದೆ, ಆದರೆ ಬೆನ್ನು ನಿಜವಾಗಿ ಎಷ್ಟು ವಾಲಿದೆ ಎಂಬುದನ್ನು ಮುಚ್ಚಿಡುತ್ತದೆ. ಹಾಗಾಗಿ ಕುತ್ತಿಗೆಯಿಂದ ತೊಡೆಯ ಮೇಲ್ಭಾಗದವರೆಗೆ, ನಿಂತ ಭಂಗಿಯಲ್ಲಿ, ಮುಂದಿನಿಂದ ಒಂದು ಮತ್ತು ಪಕ್ಕದಿಂದ ಒಂದು ಪೂರ್ಣ ಉದ್ದದ ಎಕ್ಸ್‌ರೇ ಆಗಲೇಬೇಕು. ಆಗ ಮೊಣಕಾಲು ನೆಟ್ಟಗಿರಲಿ. ಮುಂದಕ್ಕೆ ವಾಲುವವರು ತಮಗೆ ಗೊತ್ತಿಲ್ಲದೆಯೇ ಮೊಣಕಾಲು ಮಡಿಸಿ ನಿಲ್ಲುತ್ತಾರೆ, ವಾಲುವಿಕೆ ಚಿತ್ರದಲ್ಲಿ ಕಡಿಮೆ ಕಾಣುತ್ತದೆ. ಪಕ್ಕದ ಚಿತ್ರದಲ್ಲಿ ಕುತ್ತಿಗೆಯ 7ನೇ ಮೂಳೆಯಿಂದ ಇಳಿಬಿಟ್ಟ ನೇರ ಗೆರೆ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಹಿಂಬದಿ ಮೂಲೆಗಿಂತ 5 ಸೆಂ.ಮೀ.ಗೂ ಹೆಚ್ಚು ಮುಂದೆ ಬಿದ್ದರೆ ದೇಹ ಮುಂದಕ್ಕೆ ವಾಲಿದೆ ಎಂದು ಲೆಕ್ಕ. ಹಿರಿಯರ ದಿನನಿತ್ಯದ ಸಂಕಟಕ್ಕೆ ಪಕ್ಕದ ಬಾಗಿಗಿಂತ ಈ ಮುಂದಿನ ವಾಲುವಿಕೆಯೇ ಹೆಚ್ಚು ಕಾರಣ.

ಇದೇ ಹಂತದಲ್ಲಿ ತೊಡೆಯ ಕೀಲಿನ ಸವೆತ, ಬಿ12 ಕೊರತೆ, ಕುತ್ತಿಗೆಯಲ್ಲಿ ಬೆನ್ನುಹುರಿಯ ಒತ್ತಡ, ಕಾಲಿನ ರಕ್ತನಾಳದ ತಡೆ ಇವನ್ನೂ ನೋಡಿಸಿ. ನಡಿಗೆ ಕೆಡಲು ಇವೂ ಕಾರಣವಾಗಬಹುದು. ಕೈ ನಡುಗಿ ನಡಿಗೆ ನಿಧಾನವಾಗುವ ಪಾರ್ಕಿನ್ಸನ್ಸ್ ಕಾಯಿಲೆ ಇದ್ದರೆ ಮೊದಲೇ ತಿಳಿಯಬೇಕು, ಅಂಥವರಲ್ಲಿ ಆಪರೇಷನ್ ಮಾಡಿ ಬೆನ್ನಿಗೆ ಹಾಕಿದ ಸ್ಕ್ರೂ ಸಡಿಲಾಗುವುದು, ಮತ್ತೆ ಬಾಗುವುದು ಹೆಚ್ಚು.

ಆಪರೇಷನ್ ಇಲ್ಲದೆ 3ರಿಂದ 6 ತಿಂಗಳು

ನಡಿಗೆ, ಬೆನ್ನು ಮತ್ತು ಪೃಷ್ಠದ ಸ್ನಾಯುಗಳಿಗೆ ಫಿಸಿಯೋಥೆರಪಿ, ಹಿತಮಿತವಾದ ನೋವಿನ ಮಾತ್ರೆ, ಬೇಕಾದರೆ ನರದ ಬುಡಕ್ಕೆ ಇಂಜೆಕ್ಷನ್. ಇಂಜೆಕ್ಷನ್‌ನಿಂದ ಕಾಲುನೋವು ಕೆಲವೇ ವಾರ ಕಡಿಮೆಯಾದರೂ ಉಪಯೋಗವಿದೆ: ತೊಂದರೆ ಕೊಡುತ್ತಿರುವ ನರ ಯಾವುದೆಂದು ಅದು ತೋರಿಸಿಕೊಡುತ್ತದೆ. ಸೊಂಟದ ಬೆಲ್ಟ್ ದೊಡ್ಡವರ ಬಾಗನ್ನು ಸರಿಪಡಿಸುವುದಿಲ್ಲ. ದಿನವಿಡೀ ಕಟ್ಟಿಕೊಂಡಿದ್ದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ನರನೋವಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್ ತೆಗೆದುಕೊಳ್ಳುವವರಿಗೆ ತೂಕಡಿಕೆ, ತಲೆಸುತ್ತು ಬಂದು ರಾತ್ರಿ ಎದ್ದಾಗ ಬೀಳುವ ಭಯವಿದೆ.

ಕಾಯಬಾರದ ಸಂದರ್ಭಗಳೂ ಇವೆ. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು ದಿನದಿಂದ ದಿನಕ್ಕೆ ಹೆಚ್ಚಾದರೆ ತಡಮಾಡದೆ ತೋರಿಸಿ. ಮೂತ್ರ ಕಟ್ಟಿದರೆ, ತಿಳಿಯದೆ ಹೋದರೆ, ಮಲಮೂತ್ರದ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ಎಂದರೆ ಯಾವ ಆಪರೇಷನ್?

ಮುಖ್ಯವಾಗಿ ಮೂರು ಅಳತೆಗಳಿವೆ. ಒಂದು, ಒತ್ತಿಕೊಂಡ ನರವನ್ನು ಮಾತ್ರ ಬಿಡಿಸುವುದು. ಇದು ಚಿಕ್ಕದು, ಆದರೆ ಬಾಗು ಹಾಗೇ ಉಳಿಯುತ್ತದೆ, ಮುಂದೆ ಹೆಚ್ಚಲೂಬಹುದು. ಎರಡು, ನರ ಬಿಡಿಸಿ ಒಂದೆರಡು ಮಟ್ಟದಲ್ಲಿ ಮೂಳೆಗಳನ್ನು ಸ್ಕ್ರೂ, ರಾಡ್ ಹಾಕಿ ಬೆಸೆಯುವುದು. ಮೂರು, ಎದೆಯ ಕೆಳಭಾಗದಿಂದ (ಹೆಚ್ಚಾಗಿ ಟಿ10, ಅಂದರೆ ಎದೆಭಾಗದ ಹತ್ತನೇ ಬೆನ್ನುಮೂಳೆಯಿಂದ) ಸೊಂಟದ ಬುಡದ ಎಲುಬುಗೂಡಾದ ಪೆಲ್ವಿಸ್‌ವರೆಗೆ ಉದ್ದಕ್ಕೆ ಬೆಸೆದು ದೇಹವನ್ನು ಸಮತೋಲನಕ್ಕೆ ತರುವುದು. ಈ ಮೂರನೆಯದು ಹಲವು ಗಂಟೆಗಳ ಕೆಲಸ, ರಕ್ತ ಹೆಚ್ಚು ಹೋಗುತ್ತದೆ, ಕೆಲವೊಮ್ಮೆ ಎರಡು ಬೇರೆ ದಿನ ಮಾಡುತ್ತಾರೆ. ಅರಿವಳಿಕೆಯಲ್ಲಿರುವಾಗ ನರಗಳ ಸಂಕೇತವನ್ನು ಉದ್ದಕ್ಕೂ ನೋಡುವ ನ್ಯೂರೋಮಾನಿಟರಿಂಗ್ ಇರುತ್ತದೆಯೇ ಎಂದು ಕೇಳಿ.

ಎಪ್ಪತ್ತರವರ ಬೆನ್ನನ್ನು ಇಪ್ಪತ್ತರವರಷ್ಟು ನೆಟ್ಟಗೆ ಮಾಡುವುದು ಗುರಿಯಲ್ಲ. ಅತಿಯಾಗಿ ನೆಟ್ಟಗೆ ಮಾಡಿದರೆ ಬೆಸುಗೆಯ ಮೇಲ್ತುದಿಯಲ್ಲಿ ಒತ್ತಡ ಬಿದ್ದು ಅಲ್ಲೇ ಮುಂದಕ್ಕೆ ಮಡಚಿಕೊಳ್ಳುತ್ತದೆ. ‘ಪೂರ್ತಿ ನೆಟ್ಟಗೆ ಮಾಡಿಕೊಡುತ್ತೇವೆ’ ಎಂಬ ಭರವಸೆ ಸಿಕ್ಕಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಪೆಲ್ವಿಸ್‌ವರೆಗೆ ಬೆಸೆದರೆ ಸೊಂಟ ಬಗ್ಗುವುದಿಲ್ಲ, ಬಗ್ಗುವುದೆಲ್ಲ ತೊಡೆಯ ಕೀಲಿನಿಂದಲೇ. ನಮ್ಮ ಮನೆಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳುವವರು ಕಡಿಮೆ. ನೆಲದ ಮೇಲೆ ಕೂತು ಏಳುವುದು ಕಷ್ಟ. ಇಂಡಿಯನ್ ಶೌಚಾಲಯ ಬಹುತೇಕ ಅಸಾಧ್ಯ. ರಂಗೋಲಿ, ದೀರ್ಘದಂಡ ನಮಸ್ಕಾರ, ಕಾಲುಂಗುರ ಸರಿಪಡಿಸುವುದು, ಕಾಲಿನ ಉಗುರು ಕತ್ತರಿಸುವುದು ತಮ್ಮಿಂದ ತಾವೇ ಆಗದಿರಬಹುದು. ಶೌಚದ ನಂತರ ಕೈ ತಲುಪಿಸುವುದೂ ಕೆಲವರಿಗೆ ಕಷ್ಟವಾಗುತ್ತದೆ, ಇದನ್ನು ಸಂಕೋಚ ಬಿಟ್ಟು ಮೊದಲೇ ಮಾತಾಡಬೇಕು. ಸೊಂಟಕ್ಕೆ ಗಟ್ಟಿ ಬೆಲ್ಟ್ ಕಟ್ಟಿಕೊಂಡು ಒಂದು ದಿನ ಮನೆಯಲ್ಲಿ ಓಡಾಡಿ ನೋಡಿ. ನಿಜವಾದ ಬೆಸುಗೆ ಅದಕ್ಕಿಂತ ಬಿಗಿ, ಆದರೂ ಒಂದು ಅಂದಾಜು ಸಿಗುತ್ತದೆ.

ಅಪಾಯವನ್ನು ಅಳೆಯುವುದು

2011ರಲ್ಲಿ ಪ್ರಕಟವಾದ, ಹಲವು ಕೇಂದ್ರಗಳ ದಾಖಲೆ ಆಧರಿಸಿದ ಒಂದು ಅಧ್ಯಯನದಲ್ಲಿ, ವಯಸ್ಕ ಸ್ಕೋಲಿಯೋಸಿಸ್ ಆಪರೇಷನ್ ಆದ 25ರಿಂದ 44ರ ವಯಸ್ಸಿನವರಲ್ಲಿ ಶೇ 17ರಷ್ಟು ಮಂದಿಗೆ ಸಣ್ಣದೋ ದೊಡ್ಡದೋ ತೊಡಕು ಬಂದಿತ್ತು. 65ರಿಂದ 85ರವರಲ್ಲಿ ಅದು ಶೇ 71. ಆದರೂ ಎರಡು ವರ್ಷದ ನಂತರ ಕಾಲುನೋವು ಮತ್ತು ಅಸಹಾಯಕತೆ ಹೆಚ್ಚು ಇಳಿದದ್ದು ಆ ಹಿರಿಯರಲ್ಲೇ. ಕಷ್ಟ ಹೆಚ್ಚಿದ್ದವರಿಗೆ ಲಾಭವೂ ಹೆಚ್ಚು, ಬೆಲೆಯೂ ಹೆಚ್ಚು. ಮೂತ್ರದ ಸೋಂಕು, ನರದ ಪೊರೆ ಹರಿಯುವುದು, ಗಾಯದ ಸೋಂಕು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಕಾಲಿನ ಬಲ ಕುಂದುವುದು, ರಾಡ್ ಮುರಿಯುವುದು, ಮತ್ತೆ ಆಪರೇಷನ್ ಆಗುವುದು ಇವೆಲ್ಲ ತೊಡಕಿನ ಪಟ್ಟಿಯಲ್ಲಿ ಬರುತ್ತವೆ.

ನಿಮ್ಮ ದೇಹದ ತಾಕತ್ತನ್ನು ವಯಸ್ಸಿನಿಂದ ಮಾತ್ರ ಅಳೆಯಬೇಡಿ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಸಾಲದು ಎಂದರ್ಥ. ತುರ್ತು ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ಮೂರು ತಿಂಗಳ ತಯಾರಿ

*ಮೂಳೆ.* ಸ್ಕ್ರೂ ಹಿಡಿದು ನಿಲ್ಲಬೇಕಾದದ್ದು ಮೂಳೆಯಲ್ಲಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ. ಸವೆದ ಸೊಂಟದಲ್ಲಿ ಬೆಳೆದ ಮೂಳೆಮುಳ್ಳುಗಳಿಂದ ಅಲ್ಲಿನ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ತೊಡೆಯ ಕೀಲಿನ ಅಥವಾ ಮುಂಗೈಯ ಅಂಕಿ ಕೇಳಿ. ಮೂಳೆ ತೀರಾ ದುರ್ಬಲವಾಗಿದ್ದರೆ ಮೂಳೆ ಬೆಳೆಸುವ ಟೆರಿಪಾರಟೈಡ್ ಇಂಜೆಕ್ಷನ್ (ದಿನಕ್ಕೆ 20 ಮೈಕ್ರೋಗ್ರಾಂ) ಆಪರೇಷನ್‌ಗೆ ಕೆಲವು ತಿಂಗಳು ಮೊದಲೇ ಶುರುಮಾಡಿ ನಂತರವೂ ಮುಂದುವರಿಸುತ್ತಾರೆ. ಮೂಳೆಗೆ ರೇಡಿಯೇಷನ್ ಆಗಿದ್ದವರಿಗೆ ಇದು ಸಲ್ಲದು. ವಿಟಮಿನ್ ಡಿ ಕೊರತೆ ಇದ್ದರೆ ತುಂಬಿಸಿಕೊಳ್ಳಿ.

*ತಂಬಾಕು.* ಬೀಡಿ, ಸಿಗರೇಟ್, ಗುಟ್ಕಾ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಕೋಟಿನ್ ಮೂಳೆ ಬೆಸೆಯುವುದನ್ನು ತಡೆಯುತ್ತದೆ. ಕನಿಷ್ಠ ಆರು ವಾರ ಮೊದಲು ನಿಲ್ಲಿಸಿ, ಬೆಸುಗೆ ಗಟ್ಟಿಯಾಗುವವರೆಗೂ ಮುಟ್ಟಬೇಡಿ.

*ಸಕ್ಕರೆ, ರಕ್ತ, ಪ್ರೋಟೀನ್.* ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಅಂಕಿಯನ್ನು 7.5ರ ಒಳಗೆ ತರಲು ಹೆಚ್ಚಿನ ತಂಡಗಳು ಹೇಳುತ್ತವೆ. ರಕ್ತಹೀನತೆಯನ್ನು ಮೊದಲೇ ಸರಿಮಾಡಿದರೆ ರಕ್ತ ಏರಿಸುವುದು ಕಡಿಮೆಯಾಗುತ್ತದೆ. ಮೂತ್ರಪಿಂಡ ಸರಿಯಿದ್ದರೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್, ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 72ರಿಂದ 90 ಗ್ರಾಂ. ಅನ್ನ, ತಿಳಿಸಾರು, ಮಜ್ಜಿಗೆಯ ಊಟದಲ್ಲಿ ಇದು ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ಗಟ್ಟಿ ಬೇಳೆ, ಕಾಳುಪಲ್ಯ, ಹುರುಳಿ, ಕಡಲೆ ಸೇರಿಸಿ ಲೆಕ್ಕ ಹಾಕಿ.

*ಮಾತ್ರೆಗಳು.* ಎಲ್ಲ ಮಾತ್ರೆಗಳ ಪಟ್ಟಿಯನ್ನು, ಅಶ್ವಗಂಧ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನೂ ಸೇರಿಸಿ, ಅರಿವಳಿಕೆ ತಜ್ಞರಿಗೆ ಕೊಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲುತ್ತದೆ, ಸ್ಟೆಂಟ್ ಇದ್ದವರು ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸಕ್ಕರೆ ಸರಿಯಾಗಿ ಕಂಡರೂ ರಕ್ತ ಆಮ್ಲೀಯವಾಗುವ ಅಪಾಯವಿದೆ.

*ಮನೆ.* ಕಮೋಡ್ ತಗ್ಗಿದ್ದರೆ ಮೇಲೆ ರೈಸರ್ ಹಾಕಿಸಿ. ಪಕ್ಕದ ಗೋಡೆಗೆ ಹಿಡಿಕೆ, ಕೈಗೆಟುಕುವ ಜೆಟ್ ಸ್ಪ್ರೇ. ಬಕೆಟ್ ನೆಲದ ಮೇಲೆ ಬೇಡ, ಸ್ಟೂಲಿನ ಮೇಲಿರಲಿ, ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ. ಮಂಚ ಮೊಣಕಾಲಿನ ಎತ್ತರಕ್ಕಿರಲಿ. ಹೊಸ್ತಿಲ ಬಳಿಯ ಕಾಲೊರಸು, ಜಾರುವ ಚಾಪೆ ತೆಗೆದುಬಿಡಿ. ದಿನಬಳಕೆಯ ಡಬ್ಬಗಳು ಸೊಂಟದಿಂದ ಎದೆಯ ಎತ್ತರದ ನಡುವೆ ಬರಲಿ. ಉದ್ದ ಹಿಡಿಯ ಇಕ್ಕಳ, ಉದ್ದನೆಯ ಶೂ ಹಾರ್ನ್ ಮೊದಲೇ ತಂದಿಡಿ.

*ವಿಮೆ.* ಆಸ್ಪತ್ರೆಯಿಂದ ಇಂಪ್ಲಾಂಟ್‌ಗಳ (ಬೆನ್ನಿನೊಳಗೆ ಹಾಕುವ ಸ್ಕ್ರೂ, ರಾಡ್) ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಕೊಠಡಿ ಬಾಡಿಗೆಗೆ ಮಿತಿಯಿರುವ ಪಾಲಿಸಿಯಲ್ಲಿ ದುಬಾರಿ ಕೊಠಡಿ ಹಿಡಿದರೆ ಬಿಲ್ಲಿನ ಇತರ ಕೆಲವು ಬಾಬ್ತುಗಳಲ್ಲೂ ಅದೇ ಅನುಪಾತದಲ್ಲಿ ಕಡಿತವಾಗಬಹುದು.

ಆಸ್ಪತ್ರೆಯ ದಿನಗಳು

ಮೊದಲ ರಾತ್ರಿ ಹೆಚ್ಚಾಗಿ ಐಸಿಯುನಲ್ಲಿ. ಮರುದಿನವೋ ಅದರ ಮರುದಿನವೋ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ‘ಪಾಪ, ಮಲಗಿರಲಿ’ ಎಂದು ಮನೆಯವರು ತಡೆಯಬಾರದು. ಮಲಗಿದಷ್ಟೂ ಶ್ವಾಸಕೋಶದಲ್ಲಿ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ ಉಸಿರಿನ ವ್ಯಾಯಾಮದ ಸಾಧನ ಸ್ಪೈರೋಮೀಟರ್ ಎಳೆಯುವುದು, ಪಾದ ಮೇಲೆ ಕೆಳಗೆ ಆಡಿಸುವುದು ಮರೆಯಬೇಡಿ.

ಹಾಸಿಗೆಯಿಂದ ಏಳುವ ಕ್ರಮವನ್ನು ಆಪರೇಷನ್‌ಗೆ ಮೊದಲೇ ಅಭ್ಯಾಸ ಮಾಡಿ: ಎರಡೂ ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗಿಸಿ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಾ ಕೈಯಿಂದ ಒತ್ತಿ ಎದ್ದು ಕೂರಿ.

ಎರಡನೇ, ಮೂರನೇ ರಾತ್ರಿ ಹಿರಿಯರು ಗೊಂದಲಗೊಂಡು ಏನೇನೋ ಮಾತಾಡಬಹುದು. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ, ಬಹುತೇಕ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕನ್ನಡಕ, ಕಿವಿಯ ಯಂತ್ರ ಕೊಟ್ಟಿರಿ, ಹಗಲು ಕಿಟಕಿ ತೆರೆದಿಡಿ, ಪರಿಚಿತರೊಬ್ಬರು ಜೊತೆಗಿರಲಿ. ನರ್ಸ್‌ಗೆ ಕೂಡಲೇ ತಿಳಿಸಿ, ಏಕೆಂದರೆ ಸೋಂಕು, ಸೋಡಿಯಂ ಇಳಿಕೆ, ಕಟ್ಟಿದ ಮೂತ್ರವೂ ಹೀಗೆ ಮಾಡಬಲ್ಲವು. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೇಳಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಕರುಳನ್ನು ನಿಧಾನಗೊಳಿಸುತ್ತದೆ.

ಮನೆಗೆ ಬಂದ ಮೇಲೆ

ಮೊದಲ ಆರು ವಾರ ನಡಿಗೆಯೇ ವ್ಯಾಯಾಮ. ಐದು ನಿಮಿಷದಂತೆ ದಿನಕ್ಕೆ ಐದಾರು ಸಲ ಶುರುಮಾಡಿ, ಆರನೇ ವಾರಕ್ಕೆ ಒಮ್ಮೆಗೆ 20 ನಿಮಿಷ ಮುಟ್ಟುವ ಗುರಿ ಇಡಿ. ಒಂದು ದಿನ ಹೆಚ್ಚು ನಡೆದು ಮರುದಿನ ಮಲಗಿಬಿಡುವುದಕ್ಕಿಂತ ದಿನಾ ಸ್ವಲ್ಪ ನಡೆಯುವುದು ಲೇಸು. ಬಗ್ಗಬೇಡಿ, ಸೊಂಟ ತಿರುಚಬೇಡಿ, 2ರಿಂದ 3 ಕಿಲೋಗಿಂತ ಹೆಚ್ಚು ಎತ್ತಬೇಡಿ. ತುಂಬಿದ ಕುಕ್ಕರ್, ನೀರಿನ ಕೊಡ, ಮೊಮ್ಮಗು ಎಲ್ಲವೂ ಈ ಮಿತಿಯನ್ನು ದಾಟುತ್ತವೆ. ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಿಂಬು.

ಪ್ಯಾರಸಿಟಮಾಲ್ 650 ಮಿ.ಗ್ರಾಂ ಮಾತ್ರೆ ದಿನಕ್ಕೆ ನಾಲ್ಕು ಎಂದರೆ 2.6 ಗ್ರಾಂ ಆಯಿತು, ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ ಎಂಬುದು ನೆನಪಿರಲಿ. ಪಿತ್ತಜನಕಾಂಗದ ತೊಂದರೆ ಇರುವವರಿಗೆ, ತೀರಾ ತೆಳ್ಳಗಿರುವವರಿಗೆ ಇನ್ನೂ ಕಡಿಮೆ. ಹೊಲಿಗೆ ಅಥವಾ ಪಿನ್ ಸುಮಾರು 12ರಿಂದ 14 ದಿನಕ್ಕೆ ತೆಗೆಯುತ್ತಾರೆ. ಗಾಯಕ್ಕೆ ಅರಿಶಿನ, ಎಣ್ಣೆ, ಪೌಡರ್ ಯಾವುದೂ ಬೇಡ.

ಐದಾರು ದಿನದ ನಂತರವೂ ಗಾಯದಿಂದ ನೀರು ಅಥವಾ ಕೀವು ಬಂದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ, ಕೂತಾಗ ತಲೆ ಸಿಡಿದು ಮಲಗಿದರೆ ಕಡಿಮೆಯಾದರೆ, ಒಂದೇ ಮೀನಖಂಡ ಊದಿ ನೋಯತೊಡಗಿದರೆ ಅದೇ ದಿನ ಫೋನ್ ಮಾಡಿ. ದಿಢೀರ್ ಉಸಿರುಕಟ್ಟಿದರೆ, ಎದೆನೋವು ಬಂದರೆ, ಕಾಲಿನ ಬಲ ಹೊಸದಾಗಿ ಕುಂದಿದರೆ ಫೋನ್ ಮಾಡುತ್ತಾ ಕೂರದೆ ತುರ್ತು ವಿಭಾಗಕ್ಕೆ ಹೋಗಿ.

ಎರಡನೇ ತಿಂಗಳಲ್ಲಿ ಬಹಳ ಮಂದಿ ಮನಸ್ಸು ಕುಗ್ಗಿಸಿಕೊಳ್ಳುತ್ತಾರೆ. ನೋವು ಅರ್ಧ ಇಳಿದಿರುತ್ತದೆ, ಸುಸ್ತು ಇಳಿದಿರುವುದಿಲ್ಲ. ಇದು ನಿರೀಕ್ಷಿತವೇ. ಸುಸ್ತು ಕಳೆಯಲು ಮೂರರಿಂದ ಆರು ತಿಂಗಳು, ಮೂಳೆ ಬೆಸೆಯಲು ಆರರಿಂದ ಹನ್ನೆರಡು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಪಾದದ ಮರಗಟ್ಟುವಿಕೆ ಎಲ್ಲಕ್ಕಿಂತ ನಿಧಾನ, ಬಹಳ ಕಾಲ ಒತ್ತಿಕೊಂಡಿದ್ದ ನರ ಪೂರ್ತಿ ಸುಧಾರಿಸದೆಯೂ ಇರಬಹುದು.

ಆರು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ನಿಂತ ಎಕ್ಸ್‌ರೇ ತಪ್ಪಿಸಬೇಡಿ. ಮೊದಲ ತಿಂಗಳುಗಳಲ್ಲಿ ಬೆಸುಗೆಯ ಮೇಲ್ತುದಿ ಮುಂದಕ್ಕೆ ಮಡಚಿಕೊಳ್ಳುವುದು ಹೆಚ್ಚು: ರವಿಕೆಯ ಹಿಂದೆ ಹೊಸ ಉಬ್ಬು, ಭುಜಗಳ ನಡುವೆ ನೋವು, ಮುಂದೆ ನೋಡಲು ತಲೆ ಎತ್ತಬೇಕಾಗುವುದು ಅದರ ಗುರುತು. ರಾಡ್ ಮುರಿಯುವುದು ಸಾಮಾನ್ಯವಾಗಿ ನಂತರ, ಮೂಳೆ ಬೆಸೆಯದೆ ಉಳಿದ ಜಾಗದಲ್ಲಿ. ಚೆನ್ನಾಗಿದ್ದ ಬೆನ್ನಿನಲ್ಲಿ ‘ಟಕ್’ ಎಂದು ಶಬ್ದವಾಗಿ ಹೊಸ ನೋವು ಶುರುವಾದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ತೋರಿಸಿ. ಯಾವ ಮೂಳೆಯಿಂದ ಯಾವ ಮೂಳೆಯವರೆಗೆ ಬೆಸೆದಿದ್ದಾರೆ, ಯಾವ ಕಂಪನಿಯ ಯಾವ ಅಳತೆಯ ಇಂಪ್ಲಾಂಟ್ ಎಂಬ ಸ್ಟಿಕ್ಕರ್‌ಗಳಿರುವ ಹಾಳೆಯನ್ನು ಡಿಸ್ಚಾರ್ಜ್ ದಿನವೇ ಕೇಳಿ ಪಡೆದು, ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟಿರಿ. ಐದು ವರ್ಷದ ನಂತರ ಬೇರೆ ಊರಿನ ಸರ್ಜನ್ ಒಂದು ಸ್ಕ್ರೂ ಬಿಚ್ಚಬೇಕಾದರೂ ಯಾವ ಸ್ಕ್ರೂಡ್ರೈವರ್ ತರಿಸಬೇಕೆಂದು ಅದರಿಂದಲೇ ತಿಳಿಯುತ್ತದೆ.