ರಾತ್ರಿ ಎರಡು ಗಂಟೆಯ ನೀಲಿ ಟಿಕ್

ನನ್ನ ಐದನೇ ಕ್ಲಾಸಿನ ಹುಡುಗನೊಬ್ಬನಿಗೆ ರಕ್ತದ ಕ್ಯಾನ್ಸರ್ ಬಂತು. ಎ.ಎಲ್.ಎಲ್. ಅನ್ನುತ್ತಾರೆ, ಮಕ್ಕಳಲ್ಲಿ ಜಾಸ್ತಿ ಕಾಣಿಸುವ ಕ್ಯಾನ್ಸರ್ ಅದೇ. ಬಹಳಷ್ಟು ಮಕ್ಕಳು ವಾಸಿಯಾಗುತ್ತಾರೆ. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಬಿಳಿ ರಕ್ತಕಣ ತೀರಾ ಇಳಿದುಬಿಡುತ್ತವೆ. ಆಗ ಸಣ್ಣ ಜ್ವರ ಬಂದರೂ ಆಸ್ಪತ್ರೆಗೆ ಓಡಬೇಕು. ಮೂವತ್ತು ಮಕ್ಕಳಿರುವ ಕೋಣೆಯಲ್ಲಿ ನೆಗಡಿ ಇಲ್ಲದ ದಿನ ಯಾವುದು ಹೇಳಿ?

'ಟೀಸಿ ತಗೊಂಡುಬಿಡಿ, ಹುಷಾರಾದ ಮೇಲೆ ನೋಡೋಣ' ಅಂತ ಯಾರೋ ಅವನ ಅಪ್ಪನಿಗೆ ಹೇಳಿದ್ದರು. ನಾನು ಬೇಡ ಅಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವ ಹಾಗಿಲ್ಲ. ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು.

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಿದ್ದೆನಲ್ಲ, ಇದೇನು ಮಹಾ ಅಂದುಕೊಂಡೆ. ಫೋನನ್ನು ಕಿಟಕಿಗೆ ಒರಗಿಸಿಟ್ಟು ಇಡೀ ಪೀರಿಯಡ್ ವಿಡಿಯೊ ಕಾಲ್ ಮಾಡಿದೆ. ಬೋರ್ಡಿನ ಮೇಲೆ ಬಿಸಿಲು ಹೊಳೆದು ಅವನಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಫ್ಯಾನಿನ ಸದ್ದಿಗೆ ನನ್ನ ಮಾತೂ ಅರ್ಧ. ಹುಡುಗ ಒಂದು ದಿನವೂ ದೂರು ಹೇಳಲಿಲ್ಲ. ಎರಡನೇ ವಾರ ಅವನ ಅಮ್ಮ ಸಂಕೋಚದಿಂದ ಹೇಳಿದರು: 'ಮೇಡಂ, ಪಕ್ಕದಲ್ಲಿ ಬಕೆಟ್ ಇಟ್ಕೊಂಡು ಕೂತಿರ್ತಾನೆ. ವಾಂತಿ ಬಂದ್ರೆ ಕ್ಯಾಮೆರಾ ಆಫ್ ಮಾಡ್ತಾನೆ, ಅಷ್ಟೆ.' ನೆಟ್‌ವರ್ಕ್ ಸರಿಯಿಲ್ಲ ಅಂತ ನಾನು ಗೊಣಗಿದ್ದೆ.

ಇನ್ನೊಂದು ತಪ್ಪೂ ನನ್ನದೇ. ಅವನು ಬರೆದ ಲೆಕ್ಕದ ಫೋಟೊ ನೋಡಿ 'ಏನೋ ಇದು, ಕೋಳಿ ಕೆದಕಿದ ಹಾಗೆ' ಅಂದೆ. ವಿನ್‌ಕ್ರಿಸ್ಟಿನ್ ಅನ್ನುವ ಇಂಜೆಕ್ಷನ್ ನರಗಳಿಗೆ ಪೆಟ್ಟು ಕೊಟ್ಟು ಬೆರಳು ಜೋಮು ಹಿಡಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಪೆನ್ಸಿಲ್ಲೇ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅವತ್ತಿನಿಂದ ಬರೆಯುವುದು ಬಂದ್. ಲೆಕ್ಕವನ್ನು ಅವನು ಬಾಯಲ್ಲಿ ಹೇಳುವುದು, ಅಮ್ಮ ಬರೆಯುವುದು. ಪರೀಕ್ಷೆಯೂ ಹಾಗೇ.

ಪಾಠ ಅವನಿಗಾಗಿ ಕಾಯಬೇಕು, ಅವನು ಪಾಠಕ್ಕಾಗಿ ಅಲ್ಲ. ಇದು ತಲೆಗೆ ಹೋಗೋಕೆ ನನಗೆ ಒಂದು ತಿಂಗಳು ಬೇಕಾಯಿತು. ಲೈವ್ ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸಿದೆ, ಅದೂ ಅವನಿಗೆ ಆದ ದಿನ ಮಾತ್ರ. ಉಳಿದದ್ದು ವಾಟ್ಸಾಪ್ ವಾಯ್ಸ್ ಮೆಸೇಜ್. ಒಂದೊಂದು ಮೂರು ನಿಮಿಷ, ಒಂದರಲ್ಲಿ ಒಂದೇ ವಿಷಯ, ಕೊನೆಗೆ ಒಂದೇ ಪ್ರಶ್ನೆ. ಚಿತ್ರ ಬೇಕಾದರೆ ಎರಡು ಅಕ್ಕಿ ಡಬ್ಬದ ಮಧ್ಯೆ ಸ್ಕೇಲ್ ಇಟ್ಟು, ಅದರ ಮೇಲೆ ಫೋನ್ ಮಲಗಿಸಿ, ಕೆಳಗಿನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದೆ. ಬೋರ್ಡಿಗಿಂತ ಇದೇ ಎಷ್ಟೋ ವಾಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ಸಿಗುತ್ತದೆ. ಆಸ್ಪತ್ರೆಗೆ ಹೊರಡುವ ಮುಂಚೆ ಅಮ್ಮ ಅವನ್ನು ಮನೆಯಲ್ಲೇ ಇಳಿಸಿಕೊಳ್ಳುತ್ತಿದ್ದರು.

ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ಅವನಿಗೆ ವಿಪರೀತ ಹಸಿವು, ಸಿಟ್ಟು. ನಿದ್ದೆ ಮಾತ್ರ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ನನ್ನ ಮೆಸೇಜಿಗೆಲ್ಲ ನೀಲಿ ಟಿಕ್ ಬಿದ್ದಿರುತ್ತಿತ್ತು. ತೆರೆದದ್ದು ರಾತ್ರಿ ಎರಡು ಗಂಟೆಗೆ! ಕೆಳಗೆ ಪಿಸುದನಿಯ ಉತ್ತರ, ಹಿಂದೆ ಯಾರದೋ ಗೊರಕೆ. ಭಿನ್ನರಾಶಿಯ ಅರ್ಧ ಪಾಠ ಹೀಗೇ ಮುಗಿಯಿತು.

ಪ್ರತಿದಿನ ತಪ್ಪದೆ ನಡೆದದ್ದು ಹಾಜರಿ ಒಂದೇ. ಪುಸ್ತಕದಲ್ಲಿ ಗೈರು ಅಂತಲೇ ಬರೆಯುತ್ತಿದ್ದೆ, ಸುಳ್ಳು ಹಾಕಲಿಲ್ಲ. ಆದರೆ ಹೆಸರು ಕೂಗುತ್ತಿದ್ದೆ. ಕೂದಲು ಉದುರಿದ ಮೇಲೆ ಅವನು ಕ್ಯಾಮೆರಾ ಹಾಕುತ್ತಿರಲಿಲ್ಲ, ನಾನೂ ಕೇಳಲಿಲ್ಲ. 'ಬಂದಿದೀನಿ ಮಿಸ್' ಅನ್ನುವ ದನಿ ಎರಡು ಸೆಕೆಂಡ್ ತಡವಾಗಿ ಬರುತ್ತಿತ್ತು. ಅಷ್ಟು ಹೊತ್ತು ಇಡೀ ಕ್ಲಾಸ್ ಉಸಿರು ಬಿಗಿಹಿಡಿದು ಕಿಟಕಿ ಕಡೆ ನೋಡುತ್ತಿತ್ತು.

ಈಗ ಅವನು ಆರನೇ ಕ್ಲಾಸು. ಡಾಕ್ಟರು ಒಪ್ಪಿದ್ದಾರೆ, ಮಾಸ್ಕ್ ಹಾಕಿಕೊಂಡು ಮಧ್ಯಾಹ್ನದ ತನಕ ಬರುತ್ತಾನೆ. ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದರೆ ತಕ್ಷಣ ಅವನ ಮನೆಗೆ ಫೋನ್ ಮಾಡುತ್ತೇನೆ, ಅವನಿಗೆ ಅದು ಅಪಾಯ. ದಶಮಾಂಶ ಇನ್ನೂ ಬಾಕಿ ಇದೆ. ವಾಯ್ಸ್ ಮೆಸೇಜ್ ಕಳಿಸಲಾ ಅಂದರೆ, 'ಬೇಡ ಮಿಸ್, ಬೋರ್ಡಲ್ಲೇ ಮಾಡಿ' ಅನ್ನುತ್ತಾನೆ.